ರೈಯೋಲಿಗೆ ಹೋಗೋರಿಗೆ: ಮೊದಲು ನೆಲ ನೋಡಿ, ಆಮೇಲೆ ಮ್ಯೂಸಿಯಂ

ಅಹಮದಾಬಾದಿನಲ್ಲಿ ಕ್ಯಾಬ್ ಹತ್ತುವಾಗ ಸುಮ್ನೆ "ಡೈನೋಸಾರ್ ಪಾರ್ಕ್" ಅಂತ ಹೇಳಬೇಡಿ. ನಾನು ಹಾಗೆ ಹೇಳಿಯೇ ಕೆಟ್ಟೆ. ಡ್ರೈವರ್ ನೆಟ್ಟಗೆ ಗಾಂಧಿನಗರದ ಇಂದ್ರೋಡಾ ಪಾರ್ಕಿಗೆ ಕರೆದುಕೊಂಡು ಹೋದರು. ಅದನ್ನೂ ಜನ ಡೈನೋಸಾರ್ ಪಾರ್ಕ್ ಅಂತಲೇ ಕರೆಯುತ್ತಾರೆ, ಪಾಪ ಅವರ ತಪ್ಪೇನಿಲ್ಲ. ನಮಗೆ ಬೇಕಿದ್ದದ್ದು ಮಹಿಸಾಗರ ಜಿಲ್ಲೆಯ ರೈಯೋಲಿ, ಬಾಲಾಸಿನೋರ್ ಪಟ್ಟಣದ ಹತ್ತಿರ, ಡೈನೋಸಾರ್‌ಗಳ ಮೊಟ್ಟೆ, ಮೂಳೆ ಕಲ್ಲಾಗಿ ಸಿಕ್ಕಿರುವ ಊರು. ಅಹಮದಾಬಾದಿನಿಂದ ಸುಮಾರು ಎರಡು ಗಂಟೆ ದಾರಿ.

ಎರಡನೇ ತಪ್ಪು, ಮೊದಲು ಮ್ಯೂಸಿಯಂಗೆ ಹೋದದ್ದು. 2019ರಲ್ಲಿ ಶುರುವಾದ ಮ್ಯೂಸಿಯಂ, ಚೆನ್ನಾಗಿದೆ, ಮಕ್ಕಳು ಅಲ್ಲೇ ಅಂಟಿಕೊಂಡರು. ಹೊರಗೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ನಿಜವಾದ ಸರಕು ಇರೋದು ಹೊರಗಿನ ಬಯಲಿನಲ್ಲಿ. ಬೆಳಗ್ಗೆ ತಂಪಿರುವಾಗಲೇ ಅಲ್ಲಿಗೆ ಹೋಗಿ, ಊರಿನ ಗೈಡ್ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಅವರಿಲ್ಲದಿದ್ದರೆ ನಿಮಗೆ ಕಾಣೋದು ಬರೀ ಕಲ್ಲು.

ನಮ್ಮ ಗೈಡ್ ಒಂದು ಬಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಾಟಲಿಯ ನೀರು ಸುರಿದರು. ಒಣಗಿದ್ದಾಗ ಏನೂ ಇರಲಿಲ್ಲ. ನೀರು ಬಿದ್ದದ್ದೇ ತಡ, ಮಡಕೆಯ ಬಾಯಿಯ ಅಂಚಿನಂತೆ ದುಂಡನೆಯ ಗೆರೆಯೊಂದು ಎದ್ದು ಬಂತು. ಮೊಟ್ಟೆಯ ಚಿಪ್ಪು! ಕೈ ಚಾಚಿ ಅಳೆದೆ. ಒಂದು ಗೇಣೂ ಇಲ್ಲ. ಆನೆಗಿಂತ ದೊಡ್ಡ ಪ್ರಾಣಿಗೆ ಇಷ್ಟು ಪುಟ್ಟ ಮೊಟ್ಟೆಯಾ? ಅದಕ್ಕೂ ಕಾರಣ ಇದೆ: ಮೊಟ್ಟೆ ದೊಡ್ಡದಾದಷ್ಟೂ ಚಿಪ್ಪು ದಪ್ಪವಾಗಬೇಕು, ಆಗ ಒಳಗಿನ ಮರಿಗೆ ಉಸಿರಾಡಲು ಗಾಳಿ ಹೋಗಲ್ಲ.

ಈ ಮೊಟ್ಟೆ ಇಟ್ಟದ್ದು ಟೈಟನೋಸಾರ್‌ಗಳು. ಉದ್ದ ಕತ್ತಿನ ಸಸ್ಯಾಹಾರಿ ಡೈನೋಸಾರ್‌ಗಳು. ಟನ್‌ಗಟ್ಟಲೆ ತೂಗುವ ತಾಯಿ ಕಾವು ಕೊಡಲು ಕೂತರೆ ಮೊಟ್ಟೆಯ ಗತಿ ಏನು? ಮೊಸಳೆಯ ಹಾಗೆ ಮಣ್ಣಲ್ಲಿ ಮುಚ್ಚಿಟ್ಟು ಹೋಗುತ್ತಿತ್ತು ಅನ್ನೋದು ವಿಜ್ಞಾನಿಗಳ ಊಹೆ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಸಿಕ್ಕ 92 ಗೂಡು, 256 ಮೊಟ್ಟೆಗಳ ವಿವರ 2023ರಲ್ಲಿ ಪ್ರಕಟವಾಯಿತು. ಅಲ್ಲಿನ ಗೂಡುಗಳು ಎಷ್ಟು ಒತ್ತೊತ್ತಾಗಿವೆ ಅಂದರೆ ನಡುವೆ ತಾಯಿ ಕಾಲಿಡಲೂ ಜಾಗವಿಲ್ಲ. ಕಾಯೋರಿಲ್ಲದ ಗೂಡಿಗೆ ಕಳ್ಳರು ಬರೋದು ಸಹಜ ಅಲ್ವಾ? ಗುಜರಾತಿನ ಧೋಳಿ ಡುಂಗ್ರಿಯಲ್ಲಿ ಮೂರೂವರೆ ಮೀಟರ್ ಹಾವೊಂದು ಒಡೆದ ಮೊಟ್ಟೆಗೆ ಸುತ್ತಿಕೊಂಡೇ ಕಲ್ಲಾಗಿದೆ, ಪಕ್ಕದಲ್ಲೇ ಡೈನೋಸಾರ್ ಮರಿಯ ಮೂಳೆ.

ಮ್ಯೂಸಿಯಂ ಒಳಗೆ ಹಲ್ಲಿನ ಕಡೆಗೂ ಗಮನ ಕೊಡಿ. ಹಸುವಿನ ಹಾಗೆ ಅರೆಯುವ ದವಡೆಹಲ್ಲು ಟೈಟನೋಸಾರ್‌ಗಳಿಗೆ ಇರಲಿಲ್ಲ. ಕಿತ್ತು ನುಂಗೋದು, ಅಷ್ಟೇ. ಅರೆಯೋ ಕೆಲಸ ಇಲ್ಲದ್ದರಿಂದ ತಲೆ ಸಣ್ಣದು, ತಲೆ ಹಗುರವಾದ್ದರಿಂದ ಕತ್ತು ಉದ್ದ ಬೆಳೆಯಿತು. ಕತ್ತಿನ ಮೂಳೆಗಳಲ್ಲೂ ಗಾಳಿ ತುಂಬಿದ ಟೊಳ್ಳುಗಳಿದ್ದವು, ಹಾಗಾಗಿ ಕತ್ತೂ ಹಗುರ. ಒಂದೇ ಕಡೆ ನಿಂತು ಕತ್ತು ಆಡಿಸಿಯೇ ಸುತ್ತಲಿನದ್ದನ್ನು ಮೇಯಬಹುದಿತ್ತು. ಉಳಿದದ್ದು ದೊಡ್ಡ ಹೊಟ್ಟೆಯ ಕೆಲಸ, ಒಳಗೇ ನಿಧಾನವಾಗಿ ಕೊಳೆತು ಜೀರ್ಣವಾಗಬೇಕು. ನಡೆಯುವಾಗ ಕಾಲು ಅಗಲಿಸಿ ಇಡುತ್ತಿದ್ದವು, ಹೆಜ್ಜೆ ಗುರುತುಗಳಲ್ಲಿ ಅದು ಕಾಣುತ್ತದೆ.

ಏನು ತಿನ್ನುತ್ತಿದ್ದವು ಅನ್ನೋದಕ್ಕೆ ಸಾಕ್ಷಿ ಮಹಾರಾಷ್ಟ್ರದ ಪಿಸ್ದುರಾದಲ್ಲಿದೆ. ಕಲ್ಲಾದ ಸಗಣಿ! ಹುಲ್ಲಿನ ಅಂಚು ಬೆರಳು ಕೊಯ್ಯುತ್ತಲ್ಲ, ಅದಕ್ಕೆ ಕಾರಣವಾದ, ಹುಲ್ಲಿನೊಳಗಿನ ಮರಳಿನಂಥ ಕಣಗಳು ಆ ಸಗಣಿಯಲ್ಲಿ ಸಿಕ್ಕವು. 2005ರಲ್ಲಿ ಇದು ಹೊರಬರುವವರೆಗೆ ಡೈನೋಸಾರ್‌ಗಳು ಹುಲ್ಲು ಮೇಯುತ್ತಿದ್ದವು ಅಂತ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಭತ್ತದ ಬಳಗದ ಹುಲ್ಲೂ ಸಿಕ್ಕಿತು. ಹುಲ್ಲಿನ ಜೊತೆ ಬೇರೆ ಗಿಡಮರಗಳನ್ನೂ ತಿಂದಿದ್ದವು. ಅವು ಬದುಕಿದ್ದ ಕಾಲದ ಹೊತ್ತಿಗೆ ದಖ್ಖನ್‌ನಲ್ಲಿ ಲಾವಾ ಹರಿಯಿತು. ನಮ್ಮ ವಿಜಯಪುರ, ಕಲಬುರಗಿಯ ಎರೆಮಣ್ಣು ಆ ಲಾವಾ ಸವೆದು ಆದದ್ದೇ.

ನವೆಂಬರಿಂದ ಫೆಬ್ರವರಿಯೊಳಗೆ ಹೋಗಿ. ಚಪ್ಪಲಿ ಬೇಡ, ಶೂ ಹಾಕಿ. ನೀರು ಜಾಸ್ತಿ ಇಟ್ಟುಕೊಳ್ಳಿ, ಕುಡಿಯೋಕೂ ಬಂಡೆಗೆ ಸುರಿಯೋಕೂ. ಕಲ್ಲು ಮಾತ್ರ ಎತ್ತಿಕೊಳ್ಳಬೇಡಿ. ನನ್ನ ಮಗಳು ಒಂದನ್ನು ಮೆಲ್ಲಗೆ ಜೇಬಿಗೆ ಇಳಿಸಿದ್ದಳು. ಗೈಡ್ ಬೈಯಲಿಲ್ಲ, ನಗುತ್ತಾ ಕೈ ಚಾಚಿದರು.