ಹತ್ತನೇ ತಾರೀಖಿನ ಒಳಗೆ

ನನ್ನ ಅಪ್ಪನನ್ನು ಊರಿನವರು ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. "ಪಿಗ್ಮಿದ ಅಣ್ಣೆರ್ ಬತ್ತೆರ್", ಪಿಗ್ಮಿಯ ಅಣ್ಣ ಬಂದರು, ಅಂತ ತುಳುವಿನಲ್ಲಿ ಅಂಗಳದಿಂದಲೇ ಒಳಗೆ ಸುದ್ದಿ ಮುಟ್ಟಿಸುತ್ತಿದ್ದರು. ಪಿಗ್ಮಿ ಅಂದರೆ ಬ್ಯಾಂಕಿಗೆ ದಿನ ದಿನ ಕಟ್ಟುವ ಸಣ್ಣ ಉಳಿತಾಯ. ಒಳಗಿನಿಂದ ಯಾರಾದರೂ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬರುತ್ತಿದ್ದರು. ಒಂದು ರೂಪಾಯಿ, ಎರಡು ರೂಪಾಯಿ, ಚೆನ್ನಾಗಿ ವ್ಯಾಪಾರವಾದ ದಿನ ಐದು. ಅಪ್ಪ ಕಾರ್ಡಿನಲ್ಲಿ ಬರೆದು, ತನ್ನ ಪುಸ್ತಕದಲ್ಲೂ ಬರೆದು, ಚಿಲ್ಲರೆಯನ್ನು ಚರ್ಮದ ಚೀಲಕ್ಕೆ ಹಾಕಿ ಮುಂದಿನ ಮನೆಗೆ ಹೋಗುತ್ತಿದ್ದರು. ಶಾಲೆಗೆ ರಜೆ ಇದ್ದಾಗ ನಾನೂ ಜೊತೆಗಿರುತ್ತಿದ್ದೆ. ಉಡುಪಿ ಹತ್ತಿರದ ಕಟಪಾಡಿಯಿಂದ ಶಂಕರಪುರದ ಕಡೆಗೆ ಹೋಗುವ ಒಳದಾರಿಗಳು ಇವತ್ತಿಗೂ ನನಗೆ ಮನೆಗಳ ಲೆಕ್ಕದಲ್ಲೇ ನೆನಪಿವೆ.

ಅಪ್ಪನಿಗೆ ಸಂಬಳ ಇರಲಿಲ್ಲ, ಕಮಿಷನ್. ಆದರೆ ಊರಿನ ಕಣ್ಣಿಗೆ ಸಿಂಡಿಕೇಟ್ ಬ್ಯಾಂಕ್ ಅಂದರೆ ಅವರೇ. ಮ್ಯಾನೇಜರುಗಳು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರು, ಅಪ್ಪ ಬದಲಾಗುತ್ತಿರಲಿಲ್ಲ.

ಈ ಬ್ಯಾಂಕು ಹುಟ್ಟಿದ್ದು 1925ರಲ್ಲಿ, ಉಡುಪಿಯಲ್ಲಿ. ಕೈಮಗ್ಗದವರ ಕಸುಬು ಕುಸಿದು ಕೂತಿದ್ದ ಕಾಲ. ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ, ಡಾಕ್ಟರ್ ಟಿ.ಎಂ.ಎ. ಪೈ, ಈ ಮೂವರು ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಶುರು ಮಾಡಿದ್ದು. ಆಗಿನ ಹೆಸರು ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಮೂರು ವರ್ಷಕ್ಕೆ, ಅಂದರೆ 1928ರಲ್ಲಿ, ಪಿಗ್ಮಿ ಬಂತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಬ್ಯಾಂಕಿನವನೇ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಾನೆ. ಇದನ್ನು ಕಂಡುಕೊಂಡವರಿಗೆ ನಮ್ಮ ಕಡೆಯ ಮನೆಗಳ ಒಳಗು ಗೊತ್ತಿತ್ತು ಅಂತ ನಾನು ನಂಬುತ್ತೇನೆ. ತಿಂಗಳ ಸಂಬಳದವರಿಗೆ ಉಳಿಸಲು ತಿಂಗಳ ಕೊನೆ ಅಂತ ಒಂದಿದೆ. ಮೀನು ಮಾರುವವಳಿಗೆ, ಮಲ್ಲಿಗೆ ಕಟ್ಟುವವಳಿಗೆ ಹಾಗಿಲ್ಲ. ಅವರಿಗೆ ದುಡ್ಡು ಬೆಳಿಗ್ಗೆ ಬಂದರೆ ಸಂಜೆಯೊಳಗೆ ಅದಕ್ಕೆ ಹತ್ತು ಬಾಯಿ. ಆ ಹತ್ತು ಬಾಯಿಗಿಂತ ಮೊದಲು ಒಬ್ಬರು ಬಂದು ಬಾಗಿಲಲ್ಲಿ ನಿಲ್ಲಬೇಕು. ಅಪ್ಪ ನಿಲ್ಲುತ್ತಿದ್ದರು.

ಹೊತ್ತು ನೋಡಿಯೇ ಹೋಗುತ್ತಿದ್ದರು. ಮಲ್ಲಿಗೆ ಮನೆಗಳಿಗೆ ಹೂ ಕಟ್ಟಿ ಕಳಿಸಿದ ಮೇಲೆ. ಬೆಳಕು ಹರಿಯುವಾಗ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ, ನಾಲ್ಕು ಚೆಂಡಿಗೊಂದು ಅಟ್ಟೆ ಲೆಕ್ಕ ಹಾಕಿ ಕಳಿಸುವವರೆಗೆ ಆ ಹೆಂಗಸರ ಬೆರಳು ಬಿಡುವಾಗುವುದಿಲ್ಲ. ಶಂಕರಪುರದಲ್ಲಿ ಅವತ್ತಿನ ರೇಟು ಎಷ್ಟು ಬಿತ್ತು ಅನ್ನುವುದು ಅಪ್ಪನಿಗೆ ಬಾಗಿಲಲ್ಲಿ ನಿಂತ ಮುಖ ನೋಡಿದರೆ ತಿಳಿಯುತ್ತಿತ್ತು. ಬೀಡಿ ಕಟ್ಟುವವರ ಮನೆಗೆ, ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ವಾರದ ಬಟವಾಡೆ ಆದ ದಿನ. ಮಳೆಗಾಲದಲ್ಲಿ ಮೀನುಗಾರರ ಮನೆಗಳಲ್ಲಿ ಪಿಗ್ಮಿ ಕೇಳುತ್ತಿರಲಿಲ್ಲ, ಕಾರ್ಡು ಮಾತ್ರ ನೋಡಿ, ಮಕ್ಕಳ ಜ್ವರ ವಿಚಾರಿಸಿ ಬರುತ್ತಿದ್ದರು. "ದುಡ್ಡಿಲ್ಲದ ದಿನ ಹೋಗದೆ ಇದ್ದರೆ, ದುಡ್ಡಿದ್ದ ದಿನ ಯಾವ ಮುಖ ಹೊತ್ತು ಹೋಗಲಿ?" ಅನ್ನುತ್ತಿದ್ದರು.

1984ರಲ್ಲಿ ಬ್ಯಾಂಕಿಂಗ್ ನೇಮಕಾತಿ ಮಂಡಳಿಯ ಪರೀಕ್ಷೆ ಪಾಸಾಗಿ ನಾನು ಅದೇ ಬ್ಯಾಂಕಿನಲ್ಲಿ ಗುಮಾಸ್ತೆಯಾದೆ. ಎರಡು ವರ್ಷ ಬೇರೆ ಕಡೆ ಇದ್ದು, ಊರಿಗೆ ಹತ್ತಿರದ ಶಾಖೆಗೆ ಬಂದೆ. ಆಗ ಎಲ್ಲವೂ ಕೈಬರಹ. ಹಿತ್ತಾಳೆ ಟೋಕನ್, ಎರಡು ಕೈಯಲ್ಲಿ ಎತ್ತಬೇಕಾದ ಲೆಡ್ಜರ್, ವೋಚರುಗಳಿಗೆ ಪೋಣಿಸುವ ದಬ್ಬಳ, ನೂಲು. ಅರ್ಧವಾರ್ಷಿಕ ಕ್ಲೋಸಿಂಗ್ ಅಂದರೆ ರಾತ್ರಿ ಹತ್ತು ಗಂಟೆಯವರೆಗೂ ಬಡ್ಡಿ ಲೆಕ್ಕ. ಎದುರಿನ ಹೋಟೆಲಿನಿಂದ ಬನ್ಸು, ಚಾ ಬರುತ್ತಿತ್ತು. ಮಗುವಿಗೆ ಹಾಲು ಕುಡಿಸಬೇಕಾದ ದಿನಗಳಲ್ಲಿ ಸಹೋದ್ಯೋಗಿಗಳು ನನ್ನ ಪಾಲಿನ ಪುಟಗಳನ್ನು ತಾವು ಹಂಚಿಕೊಂಡು ನನ್ನನ್ನು ಏಳೂವರೆಯ ಬಸ್ಸಿಗೆ ಕಳಿಸುತ್ತಿದ್ದರು. ಆ ಉಪಕಾರವನ್ನು ನಾನು ಇವತ್ತಿನವರೆಗೂ ತೀರಿಸಿಲ್ಲ.

ಆಗಿನ ಉಳಿತಾಯ ಖಾತೆಯ ಬಡ್ಡಿಗೆ ಒಂದು ಕ್ರಮ ಇತ್ತು. ತಿಂಗಳ ಹತ್ತನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟಿತ್ತೋ ಅಷ್ಟಕ್ಕೆ ಮಾತ್ರ ಬಡ್ಡಿ. ಹನ್ನೊಂದಕ್ಕೆ ಕಟ್ಟಿದರೆ ಆ ತಿಂಗಳ ಬಡ್ಡಿ ಇಲ್ಲ. ಇಪ್ಪತ್ತೊಂಬತ್ತಕ್ಕೆ ತೆಗೆದರೂ ಇಲ್ಲ. ಓದು ಬರಹ ಬಂದವರಿಗೇ ಇದು ಗೊತ್ತಿರಲಿಲ್ಲ. ನಾನು ಕೌಂಟರಿಗೆ ಬಂದ ಪ್ರತಿಯೊಬ್ಬ ಹೆಂಗಸಿಗೂ ಹೇಳುತ್ತಿದ್ದೆ, "ಅಕ್ಕಾ, ಕಟ್ಟುವುದಾದರೆ ಹತ್ತರ ಒಳಗೆ ಕಟ್ಟಿ. ತೆಗೆಯುವುದಾದರೆ ಎರಡು ದಿನ ತಡೆದು ಒಂದನೇ ತಾರೀಖಿಗೆ ಬನ್ನಿ." ಕ್ರಮೇಣ ಒಂಬತ್ತು, ಹತ್ತನೇ ತಾರೀಖು ಬಂತೆಂದರೆ ನನ್ನ ಕೌಂಟರಿನ ಎದುರು ಸಾಲು. ಬಡ್ಡಿ ಸಿಗುತ್ತಿದ್ದದ್ದು ಕೆಲವೇ ರೂಪಾಯಿ. ಅದು ತಮ್ಮ ರೂಪಾಯಿ ಅನ್ನುವುದು ಅವರಿಗೆ ದೊಡ್ಡದು, ನನಗೂ ದೊಡ್ಡದು.

ಈಗ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಬೇಕೋ ಬೇಡವೋ ಅಂತ ಬಹಳ ದಿನ ಯೋಚಿಸಿದೆ.

1987ರ ಮಳೆಗಾಲ ಇರಬೇಕು. ಬೀಡಿ ಕಟ್ಟುವ ಅಕ್ಕ ಒಬ್ಬರು, ಅಪ್ಪನ ಪಿಗ್ಮಿ ಮನೆಯವರೇ, ದುಡ್ಡು ತೆಗೆಯಲು ಬಂದರು. ಶಾಲೆ ಶುರುವಾಗಿತ್ತು, ಮೂವರು ಮಕ್ಕಳು. ಚೀಟಿಯಲ್ಲಿ ಒಂದು ಸಾವಿರದ ಆರುನೂರು ಬರೆಸಿಕೊಂಡು ಬಂದಿದ್ದರು. ನಾನು ಲೆಡ್ಜರ್ ತೆರೆದು ನೋಡಿ, "ಅಕ್ಕಾ, ಇಷ್ಟಿಲ್ಲ. 1,460 ಉಂಟು" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ತುಟಿ ಅಲುಗುತ್ತಿತ್ತು, ಮನಸ್ಸಿನಲ್ಲೇ ಕೂಡಿಸುತ್ತಿದ್ದರು ಅಂತ ಈಗ ಅನಿಸುತ್ತದೆ. ಆಮೇಲೆ, "ಪುಸ್ತಕದಲ್ಲಿ ಹಾಗೆ ಉಂಟಾದರೆ ಹಾಗೇ ಇರಬೇಕು ಮಗಾ" ಅಂದು, ಬೇರೆ ಚೀಟಿ ಬರೆಸಿ, ಇದ್ದಷ್ಟರಲ್ಲಿ ತೆಗೆದುಕೊಂಡು ಹೋದರು.

ತಿಂಗಳ ಕೊನೆಗೆ ಲೆಡ್ಜರ್ ಬ್ಯಾಲೆನ್ಸಿಂಗ್ ಮಾಡುವಾಗ, ಅಂದರೆ ಖಾತೆಗಳ ಮೊತ್ತ ಕೂಡಿಸಿ ತಾಳೆ ನೋಡುವಾಗ, 180 ರೂಪಾಯಿ ವ್ಯತ್ಯಾಸ ಬಂತು. ನಮ್ಮಲ್ಲಿದ್ದ ಹಿರಿಯ ಗುಮಾಸ್ತರು ಮೊದಲ ದಿನವೇ ಒಂದು ಮಾತು ಕಲಿಸಿದ್ದರು: ವ್ಯತ್ಯಾಸ ಒಂಬತ್ತರಿಂದ ಭಾಗ ಹೋದರೆ, ಎಲ್ಲೋ ಎರಡು ಅಂಕೆ ಅದಲುಬದಲಾಗಿದೆ ಅಂತ ಹುಡುಕಿ. ನೂರೆಂಬತ್ತು ಭಾಗ ಹೋಗುತ್ತದೆ. ಎರಡು ಸಂಜೆ ಹುಡುಕಿದೆವು. ಮೂರನೇ ಸಂಜೆ ಸಿಕ್ಕಿತು. 1,640 ಇದ್ದದ್ದನ್ನು ಮುಂದಿನ ಪುಟಕ್ಕೆ ಒಯ್ಯುವಾಗ 1,460 ಅಂತ ಬರೆದಿತ್ತು. ಅಕ್ಷರ ನನ್ನದು. ಖಾತೆ ಆ ಅಕ್ಕನದು.

ಲೆಡ್ಜರಿನಲ್ಲಿ ಸರಿ ಮಾಡಿ, ಮ್ಯಾನೇಜರ ಸಹಿ ತೆಗೆದುಕೊಂಡು, ಮುಂದಿನ ಸಲ ಅವರು ಬಂದಾಗ ಹೇಳಿದರಾಯಿತು ಅಂದುಕೊಂಡೆ. ಮನೆಯಲ್ಲಿ ಅಪ್ಪನಿಗೆ ಹೇಳಿದಾಗ ಅವರು ಉಣ್ಣುತ್ತಿದ್ದವರು ಕೈ ನಿಲ್ಲಿಸಿದರು. ಆ ಮನೆಯಲ್ಲಿ ಎರಡು ವಾರದಿಂದ ಏನು ನಡೆಯುತ್ತಿದೆ ಅಂತ ಅವರಿಗೆ ಗೊತ್ತಿತ್ತು. ಗಂಡ ಹೆಂಡತಿಯನ್ನು ಕೇಳುತ್ತಿದ್ದನಂತೆ, ನೂರೆಂಬತ್ತು ರೂಪಾಯಿ ಯಾರಿಗೆ ಕೊಟ್ಟೆ, ತವರಿಗೆ ಕಳಿಸಿದೆಯಾ. ಅವರು ಏನೂ ಹೇಳಲಾಗದೆ, ತಾನೇ ಲೆಕ್ಕ ತಪ್ಪಿದೆ ಅಂತ ಒಪ್ಪಿಕೊಂಡಿದ್ದರಂತೆ.

"ಅವಳು ಲೆಕ್ಕ ತಪ್ಪಲಿಲ್ಲ, ನೀನು ತಪ್ಪಿದ್ದು. ಅದನ್ನು ಅವಳ ಮನೆಯಲ್ಲಿ, ಗಂಡ ಮಕ್ಕಳ ಎದುರು ಹೇಳಬೇಕು" ಅಂದರು ಅಪ್ಪ.

ಮರುದಿನ ಸಂಜೆ ಮಳೆಯಲ್ಲಿ ಒಂದೇ ಕೊಡೆಯಡಿ ನಡೆದು ಹೋದೆವು. ಅಪ್ಪ ಅಂಗಳದಲ್ಲೇ ನಿಂತರು. ನಾನು ಒಳಗೆ ಹೋಗಿ ಹೇಳಿದೆ. ಗಂಡ ತಲೆ ಎತ್ತಲಿಲ್ಲ. ಅಕ್ಕನ ಮಡಿಲಲ್ಲಿ ಬೀಡಿ ಮೊರ ಇತ್ತು, ಎಲೆ ಸುತ್ತುತ್ತಿದ್ದ ಬೆರಳು ನಿಂತಿತು. ನನ್ನನ್ನು ಬೈಯಲಿಲ್ಲ. ದೊಡ್ಡ ಮಗಳ ಕಡೆಗೆ ತಿರುಗಿ, "ಕೇಳಿದೆಯಾ? ನನ್ನ ಲೆಕ್ಕ ಸರಿ ಇತ್ತು" ಅಂದರು, ಅಷ್ಟೇ. ನನಗೆ ಬೆಲ್ಲ ನೀರು ಕೊಟ್ಟರು.

ಅವತ್ತಿನಿಂದ ಯಾರಾದರೂ ಕೌಂಟರಿನಲ್ಲಿ ಸುಮ್ಮನೆ ನಿಂತು ತುಟಿ ಅಲುಗಿಸಿದರೆ ನಾನು ಹಿಂದಿನ ಪುಟ ತಿರುಗಿಸಿ ನೋಡದೆ ಕಳಿಸಿಲ್ಲ. ಕಂಪ್ಯೂಟರ್ ಬಂದ ಮೇಲೂ ಅಷ್ಟೇ.

ಬ್ಯಾಂಕಿನ ಕೆಲಸ ಕೌಂಟರಿಗೆ ಮುಗಿಯುತ್ತಿರಲಿಲ್ಲ. ಜಾತ್ರೆ ಆದ ಮೇಲಿನ ಭಾನುವಾರ ದೇವಸ್ಥಾನಕ್ಕೆ ಹುಂಡಿ ಎಣಿಸಲು ಹೋಗುತ್ತಿದ್ದೆವು. ಕುಂಕುಮ, ಎಣ್ಣೆ ಮೆತ್ತಿದ ನಾಣ್ಯ, ಎಣಿಸಿ ಎಣಿಸಿ ಬೆರಳು ಕೆಂಪಾಗುತ್ತಿತ್ತು. ಊಟ ದೇವಸ್ಥಾನದಲ್ಲೇ. ಕೆಲಸವಿಲ್ಲದ ಹುಡುಗ ಹುಡುಗಿಯರನ್ನು ಉಜಿರೆಯ ರುಡ್‌ಸೆಟ್‌ಗೆ ಕಳಿಸುತ್ತಿದ್ದೆವು. 1982ರಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಶುರು ಮಾಡಿದ ತರಬೇತಿ ಸಂಸ್ಥೆ ಅದು, ಊಟ ವಸತಿ ಉಚಿತ. ಆ ಮಾದರಿಯಲ್ಲೇ ಈಗ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ತರಬೇತಿ ಕೇಂದ್ರಗಳಿವೆ. ನಾನು ಅರ್ಜಿ ತುಂಬಿಸಿ ಕಳಿಸಿದ ಒಬ್ಬಳು ಹುಡುಗಿ ಹೊಲಿಗೆ ಕಲಿತು ಬಂದು, ನಮ್ಮಲ್ಲೇ ಸಾಲ ತೆಗೆದು, ಎರಡು ಮಿಷನ್ ಹಾಕಿದಳು. ನಾನು ನಿವೃತ್ತಿಯ ದಿನ ಉಟ್ಟ ಸೀರೆಗೆ ರವಿಕೆ ಹೊಲಿದವಳು ಅವಳೇ.

ಅಪ್ಪ 1999ರಲ್ಲಿ ಮಂಡಿನೋವಿನಿಂದ ಪಿಗ್ಮಿ ಬಿಟ್ಟರು. 2001ರಲ್ಲಿ, ಮನೆ ಮನೆಗೆ ಹೋಗಿ ಠೇವಣಿ ಸಂಗ್ರಹಿಸುವವರೂ ಕಾನೂನಿನ ಪ್ರಕಾರ ಕೆಲಸಗಾರರೇ ಅಂತ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಅಪ್ಪನಿಗೆ ಅದರಿಂದ ಏನೂ ಬರುವುದಿರಲಿಲ್ಲ. ಆದರೂ ಪೇಪರಿನಿಂದ ಆ ಸುದ್ದಿ ಕತ್ತರಿಸಿ ತಮ್ಮ ಕೊನೆಯ ಪಿಗ್ಮಿ ಪುಸ್ತಕದೊಳಗೆ ಇಟ್ಟುಕೊಂಡರು. ಆ ಪುಸ್ತಕ ಈಗ ನನ್ನ ಹತ್ತಿರ ಇದೆ.

2016ರ ನವೆಂಬರಿನಲ್ಲಿ ನೋಟು ರದ್ದಾದಾಗ ಹೆಂಗಸರು ಐನೂರರ ನೋಟುಗಳನ್ನು ಅಕ್ಕಿ ಡಬ್ಬದಿಂದ, ಸೀರೆ ಮಡಿಕೆಯಿಂದ ತೆಗೆದು ತಂದರು. ಗಂಡ ಅದೇ ಸಾಲಿನಲ್ಲಿ ಹಿಂದೆ ನಿಂತಿದ್ದಾನೆ, ಮೊತ್ತ ಗಟ್ಟಿಯಾಗಿ ಹೇಳಬೇಡಿ ಅಂತ ಕಣ್ಣಲ್ಲೇ ಕೇಳಿದರು. ನಾನೂ, ನನ್ನ ಪಕ್ಕದ ಕೌಂಟರಿನ ಹುಡುಗನೂ ಮೊತ್ತವನ್ನು ಚೀಟಿಯಲ್ಲಿ ಬರೆದು ತೋರಿಸಿದೆವು. ಅವನು ಉತ್ತರಪ್ರದೇಶದವನು, ಕನ್ನಡ ಬಂದದ್ದೇ ಎರಡು ವರ್ಷದಿಂದ. ಅವನಿಗೆ ನಾನು ಹೇಳಿಕೊಡಬೇಕಾಗಲಿಲ್ಲ.

ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳು ರಾಷ್ಟ್ರೀಕೃತವಾದವು. ಕೆನರಾ ಮತ್ತು ಸಿಂಡಿಕೇಟ್ 1969ರಲ್ಲಿ, ಕಾರ್ಪೊರೇಷನ್ ಮತ್ತು ವಿಜಯಾ 1980ರಲ್ಲಿ. ಇವತ್ತು ನಾಲ್ಕರಲ್ಲಿ ಕೆನರಾದ ಹೆಸರು ಮಾತ್ರ ಉಳಿದಿದೆ. ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ ಸೇರಿದ್ದು 2020ರ ಏಪ್ರಿಲ್ 1ಕ್ಕೆ, ಲಾಕ್‌ಡೌನಿನ ನಡುವೆ. ಆ ಬೆಳಿಗ್ಗೆ ಪೊಲೀಸರಿಗೆ ಗುರುತಿನ ಚೀಟಿ ತೋರಿಸಿ ಖಾಲಿ ರಸ್ತೆಯಲ್ಲಿ ಶಾಖೆಗೆ ಹೋದೆ. ಕೆಲಸ ಅದೇ, ಮೇಜು ಅದೇ. ನಾವು ಐದು ಜನ ಮಾಸ್ಕ್ ಹಾಕಿಕೊಂಡು ದೂರ ದೂರ ನಿಂತು ಚಾ ಕುಡಿದೆವು. ಒಬ್ಬರಿಗೂ ಮಾತು ಬರಲಿಲ್ಲ. ಸಂಬಳ, ಪಿಂಚಣಿ ಯಾವುದಕ್ಕೂ ತೊಂದರೆಯಾಗಲಿಲ್ಲ, ಹೊಸ ಬ್ಯಾಂಕಿನವರು ನಮ್ಮನ್ನು ತಮ್ಮವರಂತೆ ನೋಡಿಕೊಂಡರು. ಆದರೂ ಅಪ್ಪ ಹೆಗಲಿಗೆ ಹಾಕಿಕೊಳ್ಳುತ್ತಿದ್ದ ಚೀಲದ ಹೆಸರು ಅದು. ಅಪ್ಪ ಅದನ್ನು ನೋಡಲು ಇರಲಿಲ್ಲ. ಅದೊಂದು ಸಮಾಧಾನ.

2021ರಲ್ಲಿ ಸಿಂಡಿಕೇಟ್ ಶಾಖೆಗಳ ಗುರುತಾಗಿದ್ದ ಹಳೆಯ ಐಎಫ್‌ಎಸ್‌ಸಿ ಕೋಡು ಜೂನ್ 30ಕ್ಕೆ ಮುಗಿಯುತ್ತದೆ ಅಂತಾದಾಗ ಮತ್ತೊಮ್ಮೆ ಮನೆ ಮನೆಗೆ ಹೇಳಿಕಳಿಸುವ ಕೆಲಸ. ವಿಧವಾ ವೇತನ, ಮಗ ದುಬೈಯಿಂದ ಕಳಿಸುವ ದುಡ್ಡು, ಯಾವುದೂ ನಿಲ್ಲಬಾರದಲ್ಲ. ಹಳೆಯ ಒಳದಾರಿಗಳಲ್ಲಿ ಸ್ಕೂಟರಿನಲ್ಲಿ ಹೋಗಿ ಹೊಸ ಕೋಡನ್ನು ಚೀಟಿಯಲ್ಲಿ ಬರೆದು ಕೊಟ್ಟು ಬಂದೆ. ಆಗಸ್ಟಿನಲ್ಲಿ ನಿವೃತ್ತಳಾದೆ.

ಬೀಡಿ ಕಟ್ಟುತ್ತಿದ್ದ ಆ ಅಕ್ಕನಿಗೆ ಈಗ ಎಂಬತ್ತರ ಹತ್ತಿರ. ಬೀಡಿ ಬಿಟ್ಟು ಬಹಳ ವರ್ಷವಾಯಿತು. ದೊಡ್ಡ ಮಗಳು ಶಾಲೆಯಲ್ಲಿ ಟೀಚರು, ತಿಂಗಳಿಗಿಷ್ಟು ಅಂತ ಅಮ್ಮನ ಕೈಗೆ ಕೊಡುತ್ತಾಳೆ. ಹೋದ ವಾರ ಬಸ್ಸ್ಟಾಪಿನಲ್ಲಿ ಸಿಕ್ಕಿದರು, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಪಾಸ್‌ಬುಕ್ಕು.

"ಇಷ್ಟು ಬಿಸಿಲಲ್ಲಿ ಎಲ್ಲಿಗೆ ಅಕ್ಕಾ?"

"ಇವತ್ತು ಒಂಬತ್ತಲ್ಲವಾ? ನಾಳೆಗೆ ಬಿಟ್ಟರೆ ಏನಾದರೂ ಎಡವಟ್ಟಾದೀತು."

2010ರ ಏಪ್ರಿಲಿನಿಂದ ಉಳಿತಾಯ ಖಾತೆಗೆ ದಿನದ ಲೆಕ್ಕದಲ್ಲೇ ಬಡ್ಡಿ, ಯಾವ ದಿನ ಕಟ್ಟಿದರೂ ಸೈ ಅಂತ ನಾನೇ ಅವರಿಗೆ ನಾಲ್ಕು ಸಲ ಹೇಳಿದ್ದೇನೆ. ಐದನೇ ಸಲ ಹೇಳಲಿಲ್ಲ. ಸ್ಕೂಟರಿನಲ್ಲಿ ಕೂರಿಸಿಕೊಂಡು ಬ್ಯಾಂಕಿಗೆ ಬಿಟ್ಟೆ. ಕೌಂಟರಿನ ಹುಡುಗಿ ಪಾಸ್‌ಬುಕ್ಕನ್ನು ಮಿಷನಿಗೆ ಹಾಕಿ ಕೊಟ್ಟಳು. ಅಕ್ಕ ಕನ್ನಡಕ ಏರಿಸಿಕೊಂಡು, ತುಟಿ ಅಲುಗಿಸುತ್ತಾ, ಸಾಲು ಸಾಲಾಗಿ ಕೂಡಿಸಿ ನೋಡಿದರು. ನಾನು ಪಕ್ಕದಲ್ಲಿ ನಿಂತು ಕಾದೆ. "ಸರಿ ಉಂಟು" ಅಂದ ಮೇಲೆಯೇ ಹೊರಟೆವು.