ಬೇರೆ ಮೈಕಿನ ಮುಂದೆ ನುಡಿದ 27 ಆವರ್ತಗಳು

ಅಮೆರಿಕದ ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಅವರ ವಾದ್ಯವೃಂದ 1956ರ ಜುಲೈ 7ರಂದು ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ನೀಡಿದ ಕಛೇರಿಯ 1999ರ ಮರುಬಿಡುಗಡೆಯನ್ನು ನಿನ್ನೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದೆ. ಅಂದು ವೃಂದದ ಪಾಲ್ ಗೊನ್ಸಾಲ್ವೆಸ್ ಟೆನರ್ ಸ್ಯಾಕ್ಸೊಫೋನಿನಲ್ಲಿ ಬ್ಲೂಸ್‌ನ 27 ಆವರ್ತಗಳನ್ನು, ಅಂದರೆ ಒಂದೇ ಚೌಕಟ್ಟಿನ 27 ಸುತ್ತುಗಳನ್ನು, ಒಂದೇ ಓಟದಲ್ಲಿ ನುಡಿಸಿದರು. ಸಭೆಯಲ್ಲಿದ್ದ ಮಹಿಳೆಯೊಬ್ಬರು ಎದ್ದು ಕುಣಿಯತೊಡಗಿದರು, ಜನಸ್ತೋಮವೇ ಎದ್ದು ನಿಂತಿತು. ಆದರೆ ಗೊನ್ಸಾಲ್ವೆಸ್ ನುಡಿಸಿದ್ದು ಕಛೇರಿಯನ್ನು ಧ್ವನಿಮುದ್ರಿಸುತ್ತಿದ್ದ ಕೊಲಂಬಿಯಾ ಕಂಪನಿಯ ಮೈಕಿಗಲ್ಲ, ಪಕ್ಕದಲ್ಲಿದ್ದ ವಾಯ್ಸ್ ಆಫ್ ಅಮೆರಿಕ ರೇಡಿಯೋದ ಮೈಕಿಗೆ. ಹೀಗಾಗಿ ಮೊದಲ ಎಲ್‌ಪಿಯಲ್ಲಿ ಆ ವಾದನ ದೂರದಿಂದ ತೇಲಿಬಂದಂತೆ ಕೇಳಿಸುತ್ತಿತ್ತು. ಕಛೇರಿಯ ಎಷ್ಟೋ ಭಾಗಗಳನ್ನು ಸ್ಟುಡಿಯೋದಲ್ಲಿ ಮತ್ತೆ ನುಡಿಸಿ, ಅವಕ್ಕೆ ಚಪ್ಪಾಳೆಯನ್ನೂ ಬೆರೆಸಲಾಗಿತ್ತು. ದಶಕಗಳ ನಂತರ ರೇಡಿಯೋದ ಟೇಪುಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ದೊರೆತಾಗ, ಕೊಲಂಬಿಯಾ ಮತ್ತು ರೇಡಿಯೋದ ಎರಡು ಬೇರೆ ಬೇರೆ ಮಾನೋ (ಒಂದೇ ಧ್ವನಿಪಥದ) ಮುದ್ರಣಗಳನ್ನು ತಂತ್ರಜ್ಞರು ಸ್ವರಕ್ಕೆ ಸ್ವರ ಹೊಂದಿಸಿ, ಎಡ-ಬಲ ಎರಡು ಧ್ವನಿಪಥಗಳ ಸ್ಟೀರಿಯೋ ರೂಪಕ್ಕೆ ತಂದರು. ಮರುಬಿಡುಗಡೆಯೆಂದರೆ ಹಳೆಯ ಸರಕಿಗೆ ಹೊಸ ಹೊದಿಕೆ ಎಂದೇ ನಾನು ಬಹುಕಾಲ ಭಾವಿಸಿದ್ದೆ. ಈಗ ಗೊನ್ಸಾಲ್ವೆಸ್ ಕಿವಿಯ ಪಕ್ಕದಲ್ಲೇ ನಿಂತಿದ್ದಾರೆ. ವೃಂದದವರು ಅವರನ್ನು ಹುರಿದುಂಬಿಸುವ ಕೂಗುಗಳೂ ಬಿಡಿಬಿಡಿಯಾಗಿ ಕೇಳುತ್ತವೆ. ತಮ್ಮದಲ್ಲದ ಕಾಲದ ಒಂದು ಸಂಜೆಗಾಗಿ ಇಷ್ಟು ತಾಳ್ಮೆಯಿಂದ ದುಡಿದ ಆ ತಂತ್ರಜ್ಞರನ್ನು ನೆನೆದು ಮನಸ್ಸು ತುಂಬಿಬಂತು. ಮನೆಯವರೆಲ್ಲ ಮಲಗಿದ ಮೇಲೆ ಆ 27 ಆವರ್ತಗಳನ್ನು ಮತ್ತೆ ಮೊದಲಿನಿಂದ ಹಾಕಿಕೊಂಡು ಕುಳಿತೆ.