ಒಂದ್ ಪಿಸಿಲಿ ಓಡತ್ತೆ, ಇನ್ನೊಂದ್ರಲ್ಲಿ ಓಡಲ್ಲ

ಹೋದ ತಿಂಗಳು ನಮ್ಮದೊಂದು ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ (ಮದರ್‌ಬೋರ್ಡ್ ಸ್ಲಾಟ್‌ಗೆ ಸಿಕ್ಕಿಸೋದು) ನನ್ನ ತಲೆ ತಿಂದ್ಹಾಕ್ತು. ನನ್ನ ಟೇಬಲ್ ಮೇಲಿರೋ ಹಳೇ ಪಿಸಿಗೆ ಹಾಕಿದ್ರೆ ರಾತ್ರಿಯಿಡೀ ಡೇಟಾ ಓಡಿಸಿದ್ರೂ ಒಂದು ಎರರ್ ಇಲ್ಲ, ಅದೇ ಕಾರ್ಡ್ ಪಕ್ಕದ ಹೊಸ ಪಿಸಿಲಿ ಲಿಂಕ್ (ಕಾರ್ಡಿಗೂ ಪಿಸಿಗೂ ಇರೋ ಸಂಪರ್ಕ) ಬರತ್ತೆ ಹೋಗತ್ತೆ ಬರತ್ತೆ ಹೋಗತ್ತೆ. ಕಾರ್ಡ್ ಮೇಲಿನ ಎಫ್‌ಪಿಜಿಎ (ನಾವೇ ಪ್ರೋಗ್ರಾಂ ಮಾಡೋ ಚಿಪ್) ಕೋಡ್ ಬೈದೆ, ಲೇಔಟ್ ಮಾಡಿದೋನ್ನ ಬೈದೆ (ಪಾಪ), ಕಾರ್ಡಿನ ಚಿನ್ನದ ಬೆರಳುಗಳನ್ನ (ಸ್ಲಾಟ್‌ಗೆ ಕೂರೋ ಪಟ್ಟಿಗಳು) ರಬ್ಬರ್‌ನಲ್ಲಿ ಉಜ್ಜಿದ್ದೂ ಆಯ್ತು.

ಕೊನೆಗೆ ಹೊಸ ಪಿಸಿ ಬಯೋಸ್ ತಡಕಾಡ್ತಾ ಇದ್ದಾಗ ಸ್ಪ್ರೆಡ್ ಸ್ಪೆಕ್ಟ್ರಮ್ ಅನ್ನೋ ಆಪ್ಷನ್ ಕಣ್ಣಿಗೆ ಬಿತ್ತು, ಆಫ್ ಮಾಡಿದೆ, ಲಿಂಕ್ ಗಟ್ಟಿಯಾಗಿ ಕೂತ್ಕೊಂಡ್ತು!

ವಿಷಯ ಏನಂದ್ರೆ, ಮದರ್‌ಬೋರ್ಡ್ ಸ್ಲಾಟ್‌ನ ಎ13, ಎ14 ಪಿನ್‌ಗೆ 100 ಮೆಗಾಹರ್ಟ್ಸ್ ಕ್ಲಾಕ್ (ತಾಳ ಹಾಕೋ ಸಿಗ್ನಲ್) ಕೊಡತ್ತೆ, ರೇಡಿಯೋ ಗಲಾಟೆ ಒಂದೇ ಫ್ರೀಕ್ವೆನ್ಸಿಲಿ ಗುಡ್ಡೆ ಬೀಳ್ದೇ ಇರ್ಲಿ ಅಂತ ಅದನ್ನ ಸೆಕೆಂಡಿಗೆ 30-33 ಸಾವಿರ ಸಲ 0.5% ತನಕ ಕೆಳಗೆ ಜಗ್ಗಿ ಬಿಡ್ತಾರೆ, ಇದೇ ಸ್ಪ್ರೆಡ್ ಸ್ಪೆಕ್ಟ್ರಮ್. ಕಾರ್ಡೂ ಅದೇ ಕ್ಲಾಕ್ ತಗೊಂಡ್ರೆ ಇಬ್ರೂ ಒಟ್ಟಿಗೆ ತೂಗ್ತಾರೆ, ತೊಂದ್ರೆ ಇಲ್ಲ. ನಮ್ಮ ಕಾರ್ಡಲ್ಲಿ ಸ್ವಂತ ಆಸಿಲೇಟರ್ (ಕ್ಲಾಕ್ ಹುಟ್ಟಿಸೋ ಭಾಗ) ಇತ್ತು. ಬೇರೆ ಬೇರೆ ಕ್ಲಾಕ್ ಇದ್ರೆ ಎರಡರ ಮಧ್ಯೆ 600 ಪಿಪಿಎಂ (ಹತ್ತು ಲಕ್ಷಕ್ಕೆ 600) ತನಕ ವ್ಯತ್ಯಾಸ ಓಕೆ, ಆದ್ರೆ 0.5% ಅಂದ್ರೇನೇ 5000 ಪಿಪಿಎಂ, ಕೂಡಿದ್ರೆ 5600! ಪಿಸಿಐ ಎಕ್ಸ್‌ಪ್ರೆಸ್‌ನ ಮೊದಲೆರಡು ತಲೆಮಾರು ಜೆನ್ 1, ಜೆನ್ 2ನಲ್ಲಿ ಈ ವ್ಯತ್ಯಾಸ ನುಂಗೋಕೆ 1180ರಿಂದ 1538 ಸಿಂಬಲ್‌ಗೆ (ಒಂದು ಬೈಟ್ ಹೊತ್ತ ತುಣುಕು) ಒಂದ್ಸಲ ಸ್ಕಿಪ್ (ರಿಸೀವರ್ ಬೇಕಾದ ಹಾಗೆ ಸೇರಿಸೋ, ಬಿಡೋ ಖಾಲಿ ಸಿಂಬಲ್) ಕಳಿಸ್ತಾರೆ. 600 ಪಿಪಿಎಂಗೆ ಒಂದು ಸಿಂಬಲ್ ಜಾರೋಕೆ 1666 ಸಿಂಬಲ್ ಬೇಕು, ಸಾಕಾಗತ್ತೆ; 5600ಕ್ಕೆ ಸುಮಾರು 178 ಸಾಕು, ಮುಂದಿನ ಸ್ಕಿಪ್ ಬರೋಷ್ಟ್ರಲ್ಲಿ ರಿಸೀವರ್ ಬಫರ್ ಕೆಟ್ಟು ಕೂತಿರತ್ತೆ. ಇದಕ್ಕೇ ಅಂತ ಎಸ್‌ಆರ್‌ಐಎಸ್ ಅನ್ನೋ ಮೋಡ್ ಇದೆ, 154 ಸಿಂಬಲ್ ಒಳಗೇ ಸ್ಕಿಪ್ ಬರತ್ತೆ, ಆದ್ರೆ ಎರಡೂ ಕಡೆ ಬೇಕಲ್ಲ, ನಮ್ಮ ಎಫ್‌ಪಿಜಿಎ ಒಳಗಿನ ಪಿಸಿಐ ಎಕ್ಸ್‌ಪ್ರೆಸ್ ಕೋರ್‌ನಲ್ಲಿ ಇರ್ಲಿಲ್ಲ.

ಬಯೋಸ್‌ನಲ್ಲಿ ಸ್ಪ್ರೆಡ್ ಆಫ್ ಮಾಡಿ ಅಂತ ಕಸ್ಟಮರ್‌ಗೆ ಹೇಳೋಕಾಗತ್ತಾ? ಪುಣ್ಯಕ್ಕೆ ಲೇಔಟ್ ಮಾಡಿದೋನು ಸ್ಲಾಟ್ ಕ್ಲಾಕ್‌ಗೂ ಟ್ರೇಸ್ (ಬೋರ್ಡ್ ಮೇಲಿನ ತಾಮ್ರದ ಗೆರೆ) ಎಳೆದು ಪ್ಯಾಡ್ (ಬೆಸುಗೆ ಜಾಗ) ಖಾಲಿ ಬಿಟ್ಟಿದ್ದ (ಬೈದಿದ್ದು ವಾಪಸ್). ಝೀರೋ ಓಮ್ (ಬರೀ ತಂತಿಯಂಥ ರೆಸಿಸ್ಟರ್) ಹಾಕಿ ಮುಗಿಸು ಅಂದ ಒಬ್ಬ, ಬೇಡ ಅಂದೆ. ಆಸಿಲೇಟರ್ ಸಿಗ್ನಲ್ ಎಲ್‌ವಿಡಿಎಸ್ ಥರದ್ದು, 1.2 ವೋಲ್ಟ್ ಸುತ್ತ ಆಡತ್ತೆ, ಸ್ಲಾಟ್‌ದು ಎಚ್‌ಸಿಎಸ್‌ಎಲ್ ಥರದ್ದು, ಸೊನ್ನೆಯಿಂದ 0.7 ವೋಲ್ಟ್, ಎರಡೂ ಡಿಫರೆನ್ಷಿಯಲ್ಲೇ (ಎರಡು ತಂತಿ ಮಧ್ಯದ ವ್ಯತ್ಯಾಸದಲ್ಲಿ ಸಿಗ್ನಲ್) ಆದ್ರೂ ಡಿಸಿ ಲೆವೆಲ್ ಬೇರೆ, ಮಧ್ಯೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ರೆ ಆ ತಕರಾರೇ ಇಲ್ಲ. ಮೈಕ್ರೋಸ್ಕೋಪ್ ಕೆಳಗೆ ಆಸಿಲೇಟರ್ ದಾರಿಲಿದ್ದ ಸಾಸಿವೆಗಿಂತ ಸಣ್ಣ ಎರಡು ಕೆಪಾಸಿಟರ್ ಕಿತ್ತು ಪಕ್ಕದ ಸ್ಲಾಟ್ ಕ್ಲಾಕ್ ಪ್ಯಾಡ್‌ಗೆ ಕೂರಿಸ್ಬೇಕು, ಒಂದು ಟ್ವೀಜರ್‌ನಿಂದ ಚಿಮ್ಮಿ ಎಲ್ಲಿಗೋ ಹೋಯ್ತು, ಇನ್ನೂ ಸಿಕ್ಕಿಲ್ಲ. ರೀಲ್‌ನಿಂದ ಬೇರೆ ಹಾಕಿ, ಬಯೋಸ್‌ನಲ್ಲಿ ಸ್ಪ್ರೆಡ್ ವಾಪಸ್ ಆನ್ ಮಾಡಿ ಬೂಟ್ ಮಾಡಿದೆ. ಮೂರು ದಿನ ಆಯ್ತು, ಲಿಂಕ್ ಒಂದ್ಸಲನೂ ಬಿದ್ದಿಲ್ಲ.